ಅಜ್ಜ ಗುರುತು ಹಿಡಿಯದ ಹೊಲ

ರಜೆಯಲ್ಲಿ ನಾವು ನಾಲ್ವರು ಗೆಳೆಯನ ಊರು, ಸವಣೂರು ತಾಲ್ಲೂಕಿನ ಹತ್ತಿಮತ್ತೂರಿಗೆ ಹೋಗಿ ಹೊಲದ ಫೋಟೋ ತೆಗೆದೆವು. ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತು ಹಳದಿಯನ್ನ ಹಸಿರಿನ ಕಡೆ ಎಳೆದೆವು, ಸ್ಯಾಚುರೇಶನ್ ಏರಿಸಿದೆವು. ಶ್ಯಾಡೋ ಹೆಚ್ಚಿಸಿದ್ದಕ್ಕೆ ಎರೆಮಣ್ಣು ಬೂದಿ ಬಣ್ಣಕ್ಕೆ ತಿರುಗಿತು. ಬೆಳಿಗ್ಗೆ ಅಜ್ಜನಿಗೆ ತೋರಿಸಿದರೆ, "ಇದ್ಯಾರ ಹೊಲಪಾ?" ಅಂದರು.

"ನಿಮ್ದ ಅಜ್ಜಾ."

"ನಮ್ಮ ಗೋವಿನಜೋಳ ಮಳಿ ಇಲ್ದ ಒಣಗೇತಿ. ಇದರಾಗ ಹಸರ ಐತಲ್ಲ!"

ನಮ್ಮ ಮುಖ ಸಣ್ಣದಾಯಿತು. ಚಂದ ಮಾಡೋಕೆ ಹೋಗಿ ಬರವನ್ನೇ ಅಳಿಸಿಬಿಟ್ಟಿದ್ದೆವು.

ಮತ್ತೆ ಮೂಲ ಫೈಲ್ ತೆರೆದೆವು. ಓರೆಯಾಗಿದ್ದ ದಿಗಂತ ನೇರ ಮಾಡಿದೆವು, ವೈಟ್ ಬ್ಯಾಲೆನ್ಸ್ ಸರಿಪಡಿಸಿದೆವು, ಆಕಾಶದ ಹೈಲೈಟ್ ಸ್ವಲ್ಪ ಇಳಿಸಿದೆವು. ಅಷ್ಟೇ. ಎರೆಮಣ್ಣು ಕಪ್ಪಾಗೇ ಇರಲಿ ಅಂತ ಬಿಟ್ಟೆವು.

ಅಜ್ಜ ಸುಮಾರು ಹೊತ್ತು ನೋಡಿ ಅಂದರು: "ಹ್ಞಾಂ, ಇದು ನಮ್ದ. ಈ ಸಲದ್ದ."