ಮಹಡಿ ಮೇಲಿನ ಧಡಧಡ

ಬೆಳಿಗ್ಗೆ ಆರು ಗಂಟೆಯಾಯಿತೆಂದರೆ ನಮ್ಮ ಅಡಿಗೆಮನೆಯ ಗೂಡಿನಲ್ಲಿ ಬೋರಲು ಹಾಕಿದ ಲೋಟಗಳೆಲ್ಲ ಗಲಗಲ ಎನ್ನುತ್ತಿದ್ದವು. ಭೂಕಂಪವೇನಲ್ಲ, ನನ್ನ ಮಗಳು. ಮಹಡಿಯ ಕೋಣೆಯಲ್ಲಿ ಮೊಬೈಲನ್ನು ಕಿಟಕಿಗೆ ಒರಗಿಸಿಟ್ಟುಕೊಂಡು, ಅದರೊಳಗಿನ ಗಟ್ಟಿಮೈಯ ಮಹಾಶಯನೊಬ್ಬ ಕೂಗಿದ ಹಾಗೆಲ್ಲ ಹಾರುತ್ತಿದ್ದಳು, ಕೂರುತ್ತಿದ್ದಳು, ನೆಲಕ್ಕೆ ಬಿದ್ದು ಏಳುತ್ತಿದ್ದಳು. ಮೂರು ನಿಮಿಷ ಉಸಿರು ಕಟ್ಟುವಷ್ಟು ಕುಣಿತ, ಅರ್ಧ ನಿಮಿಷ ಬಿಡುವು, ಮತ್ತೆ ಮೂರು ನಿಮಿಷ. ವಾರಕ್ಕೆ ಆರು ದಿನದಂತೆ ಒಟ್ಟು 60 ದಿನದ ವ್ರತ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ್ದ ಹುಡುಗಿ, ಆಗತಾನೇ 16 ತುಂಬಿತ್ತು.

ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಗಿತ್ತು. ರಜೆಯೆಂದರೆ ಒಂಬತ್ತು ಗಂಟೆವರೆಗೆ ಹೊದ್ದು ಮಲಗುವ ಮಕ್ಕಳನ್ನು ನೋಡಿದವಳು ನಾನು. ನಮ್ಮ ಯಜಮಾನರಂತೂ ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರು. ಅತ್ತೆಯವರು ಮಾತ್ರ, "ಹೆಣ್ಣುಮಕ್ಕಳು ಹೀಗೆಲ್ಲಾ ದಂಡ ಹೊಡೆದರೆ ಎತ್ತರ ಬೆಳೆಯೋಲ್ಲ ಕಣೇ" ಎಂದು ಗೊಣಗಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ತಟ್ಟೆಯ ಕಡೆ ನೋಡಿದ್ದರೆ ಗೊತ್ತಾಗುತ್ತಿತ್ತು. ನಾಲ್ಕು ಇಡ್ಲಿ ತಿನ್ನುತ್ತಿದ್ದವಳು ಒಂದಕ್ಕೆ ಬಂದಿದ್ದಳು. ಅನ್ನ ಬೇಡ, ತುಪ್ಪ ಬೇಡ, ರಾತ್ರಿ ಬರೀ ಸೌತೆಕಾಯಿ. "ಹಸಿವಿಲ್ಲಮ್ಮಾ" ಎಂದರೆ ಸೆಕೆಗಾಲ ಇರಬಹುದು ಅಂದುಕೊಂಡೆ. ಬೆವರು ಸುರಿಸಿ ಬಂದ ಹುಡುಗಿಗೆ ಹಸಿವಿಲ್ಲ ಎಂದರೆ ಯಾವ ತಾಯಿಯಾದರೂ ಅನುಮಾನಪಡಬೇಕಿತ್ತು. ನಾನು ಪಡಲಿಲ್ಲ.

41ನೆಯ ದಿನ ಮೆಟ್ಟಿಲು ಇಳಿಯುವಾಗ ಅವಳು ಕುಂಟುತ್ತಿದ್ದಳು. ಮೊಣಕಾಲಿಂದ ಕೆಳಗೆ, ಮುಂದುಗಡೆಯ ಮೂಳೆಯಲ್ಲಿ ನೋವು. ಬೆರಳಿಟ್ಟು ಒತ್ತಿದರೆ ಒಂದೇ ಒಂದು ಜಾಗದಲ್ಲಿ ಕಿರುಚುತ್ತಾಳೆ. ನೀಲಗಿರಿ ಎಣ್ಣೆ ತಿಕ್ಕಿದೆ, ಬಿಸಿನೀರಿನ ಶಾಖ ಕೊಟ್ಟೆ. ಅಷ್ಟಾದರೂ ಮಾರನೆಯ ದಿನ ಮೇಲಿಂದ ಧಡಧಡ! "ಮಧ್ಯೆ ಬಿಟ್ರೆ ಮತ್ತೆ ಒಂದನೇ ದಿನದಿಂದ ಶುರು ಮಾಡ್ಬೇಕಮ್ಮಾ" ಅಂತ ಅಳು ಬೇರೆ.

ನಮ್ಮೂರ ಲೇಡಿ ಡಾಕ್ಟರರು ಕಾಲು ನೋಡಿದರು, ಒತ್ತಿದರು. ಆಮೇಲೆ ಕೇಳಿದ ಪ್ರಶ್ನೆ ನನ್ನನ್ನು ತಬ್ಬಿಬ್ಬು ಮಾಡಿತು. "ಮುಟ್ಟಾಗಿ ಎಷ್ಟು ದಿನ ಆಯ್ತಮ್ಮಾ?"

ಕಾಲು ನೋವಿಗೂ ಅದಕ್ಕೂ ಏನು ಸಂಬಂಧ ಎಂದು ನಾನು ಬಾಯಿ ತೆರೆಯುವ ಮೊದಲೇ ಮಗಳು ತಲೆ ತಗ್ಗಿಸಿ, "ಮೂರು ತಿಂಗಳು" ಎಂದಳು.

ಒಂದೇ ಮನೆ, ಒಂದೇ ಬಚ್ಚಲು. ನನಗೆ ಗೊತ್ತೇ ಇರಲಿಲ್ಲ.

ಡಾಕ್ಟರಮ್ಮ ಸಾವಧಾನವಾಗಿ ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಬೆಳೆಯುವ ದೇಹಕ್ಕೆ ಬರುವ ಊಟ ಕಡಿಮೆಯಾಗಿ, ಮಾಡುವ ಖರ್ಚು ಜಾಸ್ತಿಯಾದರೆ, ದೇಹ ಜಾಣ ಗೃಹಿಣಿಯ ಹಾಗೆ ಮೊದಲು "ತುರ್ತಲ್ಲದ" ಬಾಬತ್ತುಗಳನ್ನು ನಿಲ್ಲಿಸುತ್ತದಂತೆ. ಮುಟ್ಟು ನಿಲ್ಲುತ್ತದೆ. ಅದರ ಜೊತೆಗೆ ಮೂಳೆಯನ್ನು ಗಟ್ಟಿ ಮಾಡುವ ಹಾರ್ಮೋನೂ ಇಳಿಯುತ್ತದೆ. ಅಂಥ ಮೂಳೆಯ ಮೇಲೆ, ಸಿಮೆಂಟು ನೆಲದಲ್ಲಿ ದಿನಾ ನೂರಾರು ಸಲ ಹಾರಿದರೆ ಕೂದಲೆಳೆಯಷ್ಟು ಸಣ್ಣ ಬಿರುಕು ಬರಬಹುದು. ಶುರುವಿನಲ್ಲಿ ಎಕ್ಸ್‌ರೇಯಲ್ಲೂ ಕಾಣದೇ ಇರಬಹುದು. ನಮ್ಮವಳದರಲ್ಲಿ ಕಾಣಲಿಲ್ಲ. ಆದರೂ ಆರು ವಾರ ಹಾರಾಟ ಬಂದ್ ಎಂದರು. ಹುಡುಗಿಯರ ಮೂಳೆಯ ಗಟ್ಟಿತನದ ಬಹುಪಾಲು 18 ತುಂಬುವುದರೊಳಗೆ ಕೂಡಿಬರಬೇಕು, ಈಗ ಕಳೆದುಕೊಂಡರೆ ನಮ್ಮ ವಯಸ್ಸಿನಲ್ಲಿ ಸೊಂಟ ಹಿಡಿದುಕೊಂಡು ಕೂರಬೇಕಾಗುತ್ತದೆ ಎಂಬ ಮಾತು ನನಗೂ ತಾಗಿತು.

"ಹಾಗಾದರೆ ವ್ಯಾಯಾಮವೇ ಬೇಡವೇ?" ಎಂದೆ. ಅತ್ತೆಯವರ ಎತ್ತರದ ಮಾತನ್ನೂ ಹೇಳಿದೆ. ಅವರು ನಕ್ಕುಬಿಟ್ಟರು. ಸರಿಯಾದ ಭಂಗಿಯಲ್ಲಿ, ತಿಳಿದವರ ಕಣ್ಣೆದುರು ಮಾಡಿದರೆ ದಂಡ, ಬೈಠಕ್‌ಗಳಿಂದ ಎತ್ತರವೇನೂ ಕುಂಠಿತವಾಗದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವಂತೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕೇ ಬೇಕು. ಅದರಲ್ಲಿ ವಾರಕ್ಕೆ ಮೂರು ದಿನ ಸ್ನಾಯು, ಮೂಳೆ ಗಟ್ಟಿ ಮಾಡುವಂಥದೂ ಇರಬೇಕು. ಓಟ, ಸೈಕಲ್ಲು, ಕೊಕ್ಕೊ, ಎಲ್ಲವೂ ಲೆಕ್ಕಕ್ಕೆ ಬಂತು. ಆದರೆ ಆ ಮೊಬೈಲಿನ ಪಾಠ ಬೆಳೆದು ನಿಂತ, ಮೊದಲೇ ಪಳಗಿದ ದೊಡ್ಡವರಿಗೆ ಮಾಡಿದ್ದು. ಕೂಗುವವನಿಗೆ ನಮ್ಮ ಮಗಳು ಕುಂಟುವುದು ಕಾಣಿಸದು.

ನನ್ನ ಮಾವನವರು ಹುಡುಗನಾಗಿದ್ದಾಗ ಮೈಸೂರಿನಲ್ಲಿ ಗರಡಿಗೆ ಹೋಗುತ್ತಿದ್ದರು. ಅಲ್ಲಿ ಉಸ್ತಾದರು ಎದುರಿಗೇ ನಿಂತಿರುತ್ತಿದ್ದರು. ಹೊಸ ಹುಡುಗನಿಗೆ ಮೊದಲು ಹತ್ತೇ ಬಸ್ಕಿ, ಅದೂ ಕಾಲು ನಡುಗಿದರೆ ಸಾಕು ಮಾಡು ಎನ್ನುತ್ತಿದ್ದರಂತೆ. ಹಾರಿ ಬೀಳುವುದಕ್ಕೆ ಮೆತ್ತನೆಯ ಮಟ್ಟಿ. ಮುಗಿಸಿ ಬಂದವನಿಗೆ ನೆನೆಸಿದ ಕಡಲೆ, ಬೆಲ್ಲ, ಹಾಲು. ನನ್ನ ಮಗಳಿಗೆ ಉಸ್ತಾದರೂ ಇಲ್ಲ, ಮಟ್ಟಿಯೂ ಇಲ್ಲ, ಕಡಲೆಯೂ ಇಲ್ಲ.

ಹೊರಡುವಾಗ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು, ಗಂಡುಮಕ್ಕಳ ತಾಯಂದಿರಿಗೂ ಬೇಕಾದ್ದು. ವಿಪರೀತ ವ್ಯಾಯಾಮದ ನಂತರ ಮೈಯೆಲ್ಲ ಬಿಗಿದು, ಮೂತ್ರ ಕಪ್ಪು ಟೀ ಬಣ್ಣಕ್ಕೆ ಬಂದರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಓಡಬೇಕು. ಸ್ನಾಯು ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಬೀಳುವ ಲಕ್ಷಣವಂತೆ.

ಊಟದ ಲೆಕ್ಕ ನನ್ನನ್ನು ಹೆಚ್ಚು ನಾಚಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಪಟ್ಟಿಯ ಪ್ರಕಾರ ಹೆಚ್ಚು ಮೈಮುರಿಯದ ನನ್ನಂಥ ಹೆಂಗಸಿಗೆ ದಿನಕ್ಕೆ 1660 ಕಿಲೊಕ್ಯಾಲೊರಿ ಸಾಕು. 16ರಿಂದ 18ರ ಹುಡುಗಿಗೆ ಸುಮಾರು 2500 ಬೇಕು. ನನಗಿಂತ ಒಂದೂವರೆಪಟ್ಟು! ನಾನೋ, ಇಬ್ಬರಿಗೂ ಒಂದೇ ಅಳತೆ ಬಡಿಸಿ ಕೂತವಳು. ಅವಳು ಅರ್ಧ ಬಿಟ್ಟು ಎದ್ದರೂ "ಪರವಾಗಿಲ್ಲ, ಮೈ ಇಳಿಯುತ್ತೆ" ಎಂದುಕೊಂಡವಳು.

ಆ ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು, "ಯಾಕೆ ಪುಟ್ಟೀ ಹೀಗೆ ಮಾಡ್ಕೊಂಡೆ?" ಎಂದೆ. ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ, "ಫೆಬ್ರವರೀಲಿ, ಮದುವೆ ಮನೇಲಿ, ನೀನೇ ಅಂದೆಯಲ್ಲಮ್ಮಾ" ಎಂದಳು.

ನೆನಪಾಯಿತು. ಯಾರೋ ದೂರದ ದೊಡ್ಡಮ್ಮ, "ಹುಡುಗಿ ಮೈ ತುಂಬ್ಕೊಂಡಿದಾಳೆ" ಎಂದಿದ್ದರು. ನಾನು ನಗುತ್ತಾ, "ತಿಂದು ತಿಂದು ಹಂಡೆ ಆಗಿದಾಳೆ" ಎಂದಿದ್ದೆ. ಇವಳು ಅಲ್ಲೇ, ಅರಿಸಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಳು. ಮೂರು ಸೆಕೆಂಡಿನ ಮಾತು. ನಾನು ಮನೆಗೆ ಬರುವುದರೊಳಗೆ ಮರೆತಿದ್ದೆ.

"ತಪ್ಪಾಯ್ತು ಕಂದಾ" ಎಂದೆ. ಮಕ್ಕಳ ಹತ್ತಿರ ಹಾಗೆನ್ನುವ ಅಭ್ಯಾಸ ನಮ್ಮ ಮನೆಯಲ್ಲಿ ಇರಲಿಲ್ಲ.

ಆರು ವಾರದ ಬದಲು ಎಂಟು ವಾರವೇ ಹಿಡಿಯಿತು. ಬೆಳಿಗ್ಗೆ ರಾಗಿ ಗಂಜಿಗೆ ಹಾಲು, ಸಂಜೆ ಹುರಿಗಡಲೆ ಬೆಲ್ಲದ ಉಂಡೆ, ಊಟಕ್ಕೆ ತುಪ್ಪ. ಮೊದಮೊದಲು ಒಂದೊಂದು ತುತ್ತಿಗೂ ಯುದ್ಧ. ಅತ್ತೆಯವರೇ ಎಷ್ಟೋ ಸಲ ಕೈತುತ್ತು ಕೊಟ್ಟು ಗೆದ್ದರು. ನಾಲ್ಕನೆಯ ತಿಂಗಳು ಒಂದು ಬೆಳಿಗ್ಗೆ ಅವಳು ಅಡಿಗೆಮನೆಗೆ ಬಂದು, ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಒಂದು ಸುತ್ತು ಹಾಕಿ, ಏನೂ ಹೇಳದೆ ಹೋದಳು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಗ್ಗರಣೆ ಹಾಕಿದೆ.

ಈಗ ಮತ್ತೆ ಶುರು ಮಾಡಿದ್ದಾಳೆ. ವಾರಕ್ಕೆ ಮೂರೇ ದಿನ, ದಪ್ಪ ಜಮಖಾನೆಯ ಮೇಲೆ, ಮೊದಲು ಒಂದು ಬಾಳೆಹಣ್ಣು ತಿಂದು. ಕೂಗುವ ಮಹಾಶಯನನ್ನು ಕಳಿಸಿಕೊಟ್ಟಾಯಿತು. ಅವಳ ಕಾಲೇಜಿನ ದೈಹಿಕ ಶಿಕ್ಷಣದ ಮೇಡಂ ಬರೆದುಕೊಟ್ಟ ಚೀಟಿ ಗೋಡೆ ಮೇಲಿದೆ. ಉಳಿದ ದಿನ ಸಂಜೆ ನನ್ನ ಜೊತೆ ಕೆರೆ ಏರಿಯ ತನಕ ನಡಿಗೆ. ನನಗೇ ಏದುಸಿರು ಬರುತ್ತದೆ. "ಅಮ್ಮಾ, ಉಸ್ತಾದ್ ನಾನು, ಕಾಲು ನಡುಗಿದ್ರೆ ಹೇಳು" ಎಂದು ನಗುತ್ತಾಳೆ.