ಬೋರ್ಡು ಮತ್ತು ಮೀಟರು

ಮುಂಬಯಿಯಲ್ಲಿ ನೆಲೆಸಿದ ನಮ್ಮಂಥವರಿಗೆ ಒಂದು ಕೆಲಸ ತಾನಾಗಿಯೇ ಬಂದು ಸೇರುತ್ತದೆ. ಊರಿನಿಂದ ಯಾರಾದರೂ ಪರೇಲಿನ ಟಾಟಾ ಆಸ್ಪತ್ರೆಗೆ ಹೊರಟರೆಂದರೆ ಮೊದಲು ಫೋನು ಬರುವುದು ನಮಗೆ. ಡೊಂಬಿವಲಿಗೆ ಬಂದು ಮೂವತ್ತೆಂಟು ವರ್ಷಗಳಲ್ಲಿ ಎಷ್ಟು ಜನರ ಫೈಲು ಹಿಡಿದು ಓಡಾಡಿದ್ದೇನೋ ಲೆಕ್ಕವಿಟ್ಟಿಲ್ಲ. ಹೆಚ್ಚಿನವರದು ಬಾಯಿ, ಇಲ್ಲವೇ ಗಂಟಲು. ಕಾರಣ ಕೇಳುವ ಅಗತ್ಯವೇ ಇರುತ್ತಿರಲಿಲ್ಲ. ಬೀಡಿ, ಗುಟ್ಕಾ, ಹೊಗೆಸೊಪ್ಪಿನ ಕವಳ... ಇಷ್ಟೇ.

ಆದರೆ ಎರಡು ವರ್ಷದ ಹಿಂದೆ ಕುಮಟಾದಿಂದ ಬಂದ ನಮ್ಮ ಭಾವ ಕವಳ ಹಾಕಿದವರಲ್ಲ, ಬೀಡಿ ಮುಟ್ಟಿದವರಲ್ಲ. ರಿಟೈರ್ಡ್ ಮಾಸ್ತರರು. ಕುತ್ತಿಗೆಯಲ್ಲಿ ನೋವಿಲ್ಲದ ಒಂದು ಗಂಟು, ಅಷ್ಟೇ. ತಪಾಸಣೆಯಲ್ಲಿ ಗೊತ್ತಾಯಿತು, ಮೂಲ ಟಾನ್ಸಿಲ್‌ನಲ್ಲಿದೆ ಅಂತ. ರಿಪೋರ್ಟಿನಲ್ಲಿ 'ಪಿ-16 ಪಾಸಿಟಿವ್' ಎಂದಿತ್ತು. ಇದು ಎಚ್‌ಪಿವಿ ಎಂಬ ವೈರಸ್ಸಿನಿಂದ ಬಂದಿರಬಹುದು ಎಂದರು ಡಾಕ್ಟರು. ಹೆಂಗಸರ ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಅದೇ ವೈರಸ್ಸು. ಆ ಸಂಬಂಧ ಕಂಡುಹಿಡಿದ ಹೆರಾಲ್ಡ್ ಟ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂದಿತ್ತು.

'ಇರಬಹುದು' ಅಂದರೇನು? ನಾನು ವಿದ್ಯುತ್ ಕಂಪನಿಯೊಂದರ ಬಿಲ್ಲಿಂಗ್ ವಿಭಾಗದಲ್ಲಿ ಗುಮಾಸ್ತನಾಗಿದ್ದವನು. ನನಗೆ ಅರ್ಥವಾದದ್ದು ನನ್ನ ಕಸುಬಿನ ಭಾಷೆಯಲ್ಲೇ.

ಚಾಳಿನ ಬಾಗಿಲಿನ ಮೇಲೆ ಒಬ್ಬರ ಹೆಸರಿನ ಬೋರ್ಡು ಇದೆ ಅಂದುಕೊಳ್ಳಿ. ಅಷ್ಟರಿಂದ ಅವರು ಒಳಗೆ ಸಂಸಾರ ನಡೆಸುತ್ತಿದ್ದಾರೆ ಎನ್ನಲಾಗದು. ಗಡ್ಡೆಯಲ್ಲಿ ವೈರಸ್ಸಿನ ಡಿಎನ್‌ಎ ಸಿಗುವುದೂ ಹಾಗೆಯೇ. ಅದು ಸುಮ್ಮನೆ ಬಂದು ಕೂತದ್ದಿರಬಹುದು. ಇನ್ನು ಪಿ-16 ಎಂದರೆ ಕಿಟಕಿಯಲ್ಲಿ ಕಾಣುವ ಬೆಳಕು. ಬೆಳಕು ಕರೆಂಟಿನದೇ ಇರಬೇಕೆಂದಿಲ್ಲ, ಲಾಟೀನಿನದೂ ಇರಬಹುದು. 2023ರಲ್ಲಿ ಒಂಬತ್ತು ದೇಶಗಳ 7,654 ರೋಗಿಗಳ ಲೆಕ್ಕ ತೆಗೆದಾಗ, ನೂರಕ್ಕೆ ಸುಮಾರು ಒಂಬತ್ತು ಜನರಲ್ಲಿ ಪಿ-16 ಒಂದು ಹೇಳಿದರೆ ವೈರಸ್ ಪರೀಕ್ಷೆ ಇನ್ನೊಂದು ಹೇಳಿತ್ತಂತೆ.

ಹಾಗಾದರೆ ಖಚಿತವಾಗುವುದು ಹೇಗೆ? ಮೀಟರು ನೋಡಬೇಕು. ಈ ವೈರಸ್ಸಿನಲ್ಲಿ ಇ-6, ಇ-7 ಎಂಬ ಎರಡು ಜೀನುಗಳಿವೆ. ಜೀವಕೋಶ ಹದ್ದು ಮೀರದಂತೆ ಕಾಯುವ ಪಿ-53 ಎಂಬ ಪ್ರೋಟೀನನ್ನು ಇ-6 ನಾಶ ಮಾಡಿಸುತ್ತದೆ. ಆರ್‌ಬಿ ಎಂಬ ಇನ್ನೊಬ್ಬ ಕಾವಲುಗಾರನನ್ನು ಇ-7 ಕೆಲಸದಿಂದ ತಪ್ಪಿಸುತ್ತದೆ. ಆರ್‌ಬಿ ಇಲ್ಲದಾದಾಗಲೇ ಪಿ-16 ಏರುವುದು. ಈ ಜೀನುಗಳು ಕೆಲಸ ಮಾಡುತ್ತಿದ್ದರೆ ಅವುಗಳ ಆರ್‌ಎನ್‌ಎ ನಕಲುಗಳು ಕೋಶದಲ್ಲಿ ಸಿಗುತ್ತವೆ. ಆರ್‌ಎನ್‌ಎಯನ್ನು ಡಿಎನ್‌ಎಗೆ ತಿರುಗಿಸಿ, ಸುತ್ತು ಸುತ್ತಾಗಿ ದುಪ್ಪಟ್ಟು ಮಾಡುತ್ತಾ ಹೋಗುತ್ತಾರೆ. ಎಷ್ಟು ಕಡಿಮೆ ಸುತ್ತಿನಲ್ಲಿ ಗುರುತು ಸಿಕ್ಕಿತೋ ಅಷ್ಟು ಹೆಚ್ಚು ಚಟುವಟಿಕೆ ಎಂದು ಲೆಕ್ಕ. ತೆಳ್ಳಗೆ ಕೊಯ್ದ ಗಡ್ಡೆಯ ಚೂರಿನಲ್ಲೇ ಅದನ್ನು ಚುಕ್ಕೆಗಳಾಗಿ ಮೈಕ್ರೋಸ್ಕೋಪಿನಡಿ ನೋಡುವ ವಿಧಾನವೂ ಇದೆ. ಆರ್‌ಎನ್‌ಎ ಬಹಳ ನಾಜೂಕು, ಹಳೆಯ ಬ್ಲಾಕಿನಲ್ಲಿ ಪುಡಿಯಾಗಿರುತ್ತದೆ. ಹಾಗಾಗಿ ಇದು ಎಲ್ಲ ಕಡೆ ನಡೆಯುವ ಪರೀಕ್ಷೆಯಲ್ಲ. ನಮ್ಮ ಖಾರಘರ್‌ನ ಆಕ್ಟ್ರೆಕ್ ಸಂಶೋಧಕರು 2015ರಲ್ಲಿ, ಗಡ್ಡೆಯ ಜೀನು ಓದಿದ ರಾಶಿ ಮಾಹಿತಿಯಲ್ಲಿ ಈ ವೈರಸ್ಸನ್ನು ಹುಡುಕುವ ಸಾಫ್ಟ್‌ವೇರೊಂದನ್ನು ಪ್ರಕಟಿಸಿದ್ದರು.

ಭಾವನವರ ಮೀಟರು ಓಡುತ್ತಿತ್ತು. ವಿಚಿತ್ರವೆಂದರೆ ಅದು ಒಳ್ಳೆಯ ಸುದ್ದಿ! 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಮೂರು ವರ್ಷದ ನಂತರ ಬದುಕಿದ್ದವರು, ವೈರಸ್ ಇದ್ದವರಲ್ಲಿ ನೂರಕ್ಕೆ 82, ಇಲ್ಲದವರಲ್ಲಿ 57. ಹಾಗಂತ ಚಿಕಿತ್ಸೆ ಹಗುರ ಮಾಡುವಂತಿಲ್ಲ. ಸಿಸ್ಪ್ಲಾಟಿನ್ ಬದಲು ಬೇರೆ ಔಷಧಿ ಕೊಟ್ಟು ನೋಡಿದ ಎರಡು ದೊಡ್ಡ ಪ್ರಯೋಗಗಳಲ್ಲಿ ಹಳೆಯದೇ ಮೇಲು ಎಂದು 2018ರಲ್ಲಿ ಗೊತ್ತಾಯಿತು. ಭಾವನವರಿಗೂ ಏಳು ವಾರ, 35 ಸಿಟ್ಟಿಂಗು. ಕೊನೆಕೊನೆಗೆ ಗಂಜಿಯ ತಿಳಿಯೂ ಇಳಿಯುತ್ತಿರಲಿಲ್ಲ.

ಇವೆಲ್ಲಕ್ಕಿಂತ ಕಷ್ಟವಾದದ್ದು ಅಕ್ಕನ ಪ್ರಶ್ನೆ. ಒಂದು ರಾತ್ರಿ, ಭಾವ ಮಲಗಿದ ಮೇಲೆ, ಅಡಿಗೆಮನೆಯಲ್ಲಿ ಮೆಲ್ಲಗೆ ಕೇಳಿದಳು: "ಇದು ಎಲ್ಲಿಂದ ಬಂತೋ ತಮ್ಮಾ?"

ಊರಿನಲ್ಲಿ ಯಾರೋ ಇಂಟರ್ನೆಟ್ಟಿನಲ್ಲಿ ಓದಿ, 'ಅದು ಸಂಬಂಧದಿಂದ ಬರುವ ಕಾಯಿಲೆ' ಎಂದು ಅವಳ ಕಿವಿಗೆ ಹಾಕಿದ್ದರು. ನಲವತ್ತೊಂದು ವರ್ಷದ ಸಂಸಾರ ಅವಳದು. ನಾನು ಡಾಕ್ಟರು ಹೇಳಿದ್ದನ್ನೇ ಹೇಳಿದೆ. ಈ ವೈರಸ್ಸು ಬಹಳ ಸಾಮಾನ್ಯ, ಬಹುತೇಕ ಎಲ್ಲರನ್ನೂ ಯಾವಾಗಲೋ ಮುಟ್ಟಿಹೋಗುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ, ಕೆಲವರಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಯಾರಿಂದ ಯಾರಿಗೆ, ಯಾವ ಕಾಲದಲ್ಲಿ ಎಂದು ಹೇಳುವ ಪರೀಕ್ಷೆ ಇಲ್ಲ. ಮೀಟರು ಈಗಿನ ಓಟ ತೋರಿಸುತ್ತದೆ ಅಕ್ಕಾ, ಕನೆಕ್ಷನ್ ಕೊಟ್ಟವರ ಹೆಸರು ಅದರಲ್ಲಿ ಬರೆದಿರುವುದಿಲ್ಲ ಎಂದೆ.

ಅವಳು ಏನೂ ಹೇಳಲಿಲ್ಲ. ಮಿಕ್ಸಿ ತೊಳೆದು ಬೋರಲು ಹಾಕಿದಳು. ಮರುದಿನ ಬೆಳಿಗ್ಗೆ ಎಂದಿನಂತೆ ಭಾವನ ಗಂಜಿಯನ್ನು ಸೋಸಿ ಫ್ಲಾಸ್ಕಿಗೆ ತುಂಬಿದಳು. ಮತ್ತೆ ಆ ಮಾತು ಎತ್ತಿಲ್ಲ. ಅವಳಿಗೆ ಸಮಾಧಾನವಾಯಿತೋ, ನುಂಗಿಕೊಂಡಳೋ, ನಾನೂ ಕೇಳಿಲ್ಲ.

ಭಾವ ಈಗ ಊರಿನಲ್ಲಿದ್ದಾರೆ, ಅನ್ನಕ್ಕೆ ಸಾರು ಜಾಸ್ತಿ ಬೇಕು ಅಷ್ಟೇ. ಮೊಮ್ಮಕ್ಕಳಿಗೆ ಲಸಿಕೆ ಹಾಕಿಸಬೇಕೆಂದು ಅಕ್ಕನೇ ಫೋನು ಮಾಡಿದ್ದಳು. ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಲಸಿಕೆಗೆ 2022ರಲ್ಲೇ ಅನುಮತಿ ಸಿಕ್ಕಿದೆಯಲ್ಲ. "ಹುಡುಗನಿಗೂ ಕೊಡ್ತಾರಾ?" ಅಂದಳು. ಕೊಡ್ತಾರೆ ಅಂದೆ. ನಿಮ್ಮ ಮನೆಯಲ್ಲೂ ಒಂಬತ್ತು ದಾಟಿದ ಮಕ್ಕಳಿದ್ದರೆ ಡಾಕ್ಟರನ್ನು ಒಮ್ಮೆ ಕೇಳಿ ನೋಡಿ.