ಹಿಮ ಕಾಣದ ಊರಿನಲ್ಲಿ ಹಿಮದ ಗುರುತು

ಕುಂದಾಪುರದಿಂದ ಬೈಂದೂರಿಗೆ ಹೋಗುವ ಬಸ್ಸು ಮರವಂತೆಗೆ ಬಂದೊಡನೆ ನಿದ್ದೆಯಲ್ಲಿದ್ದವರೂ ಕಣ್ಣು ಬಿಡುತ್ತಾರೆ. ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಕೊಲ್ಲೂರಿನ ಕಡೆಯಿಂದ ಇಳಿದು ಬಂದ ಹೊಳೆ ಕಡಲಿನ ಕೂಗಳತೆಯಲ್ಲಿದ್ದೂ ಅದನ್ನು ಸೇರುವುದಿಲ್ಲ. ತೆಂಕಣಕ್ಕೆ ತಿರುಗಿ, ಸುಮಾರು ಹತ್ತು ಕಿ.ಮೀ. ಸುತ್ತಿ, ಗಂಗೊಳ್ಳಿಯ ಅಳಿವೆಯಲ್ಲಿ ವಾರಾಹಿ, ಚಕ್ರಾ ಮೊದಲಾದ ಹೊಳೆಗಳ ಜೊತೆಗೂಡಿ ಸಮುದ್ರಕ್ಕೆ ಬೀಳುತ್ತದೆ. ಅದಕ್ಕೆ ಅಡ್ಡ ನಿಂತ ಈ ಮರಳಿನ ಪಟ್ಟಿ ಎಲ್ಲಿಂದ ಬಂತು? ಉತ್ತರದ ಒಂದು ತುದಿ ಇಲ್ಲಿದೆ, ಇನ್ನೊಂದು ತುದಿ ನಾರ್ವೆ ದೇಶದ ಕಡಲಡಿಯಲ್ಲಿದೆ.

ಮೊದಲು ನಮ್ಮ ಕಡಲಿನ ತಳ ನೋಡೋಣ. ಹೊಳೆ ಸಮುದ್ರ ಸೇರುವಾಗ ದಪ್ಪ ಮರಳು ದಡದ ಬಳಿ ಕೂರಬೇಕು, ನಯವಾದ ಕೆಸರು ದೂರ ಹೋಗಬೇಕು. ಗಾಜಿನ ಲೋಟದಲ್ಲಿ ಮಣ್ಣು ಕದಡಿಟ್ಟರೆ ಯಾವುದು ಮೊದಲು ತಳ ಸೇರುತ್ತದೆಂದು ಮಕ್ಕಳೇ ಹೇಳುತ್ತಾರೆ. ಆದರೆ ಪಡುಗಡಲಿನಲ್ಲಿ ಲೆಕ್ಕ ತಲೆಕೆಳಗು. ದಡ ಬಿಟ್ಟು ತುಸು ಮುಂದೆ ಹೋದರೆ ಕೆಸರು. ಹಲವು ಹತ್ತು ಕಿ.ಮೀ. ಆಚೆ, ಖಂಡಾವರಣದ ಹೊರ ಅಂಚಿನಲ್ಲಿ, ಚಿಪ್ಪಿನ ಚೂರು ಬೆರೆತ ದಪ್ಪ ಮರಳು! ಇಂದಿನ ಯಾವ ಹೊಳೆಯೂ ಅದನ್ನು ಅಲ್ಲಿಗೆ ಒಯ್ಯಲಾರದು. ಅದು ಮುಳುಗಿದ ಹಳೆಯ ಕಡಲದಂಡೆ. ಸುಮಾರು 20,000 ವರ್ಷಗಳ ಹಿಂದೆ ಸಮುದ್ರ ಈಗಿಗಿಂತ 120 ಮೀಟರಿನಷ್ಟು, ಮೀನುಗಾರರ ಲೆಕ್ಕದಲ್ಲಿ ಅರವತ್ತೈದು ಮಾರು, ಕೆಳಗಿತ್ತು.

ಆ ನೀರೆಲ್ಲ ಹಿಮವಾಗಿ ಕೆನಡಾ, ನಾರ್ವೆಗಳ ಮೇಲೆ ಕುಳಿತಿತ್ತು. ಕುಳಿತಿತ್ತು ಎಂದರೂ ಸುಮ್ಮನಿರಲಿಲ್ಲ. ಹಿಮರಾಶಿಯೊಳಗೆ ಕೆಲವು ಪಟ್ಟಿಗಳು ಹೊಳೆಯಂತೆ ವೇಗವಾಗಿ ಜಾರುತ್ತ, ಕಡಲ ತಳವನ್ನು ಉಳುಮೆ ಮಾಡಿದಂತೆ ಉದ್ದುದ್ದ ಗೀರಿದವು. ಹಿಮ ಕರಗಿ ಹಿಂದೆ ಸರಿಯುವಾಗ ಅದರ ಅಂಚು ಉಬ್ಬರದಲ್ಲಿ ಮೇಲೆದ್ದು, ಇಳಿತದಲ್ಲಿ ಕೆಸರಿನ ಮೇಲೆ ಕೂತು, ಪ್ರತಿ ಸಲವೂ ಒಂದು ಪುಟ್ಟ ದಿಣ್ಣೆಯನ್ನು ಒತ್ತಿತು. ನಾರ್ವೆಯ ಕಡಲಡಿಯಲ್ಲಿ ಇಂಥ 7,600ಕ್ಕೂ ಹೆಚ್ಚು ದಿಣ್ಣೆಗಳನ್ನು ಗುರುತಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಎತ್ತರ ಎರಡೂವರೆ ಮೀಟರಿನೊಳಗೆ, ನಡುವಿನ ಅಂತರ 25ರಿಂದ 300 ಮೀಟರ್. ದಿನಕ್ಕೆ ಎರಡು ಇಳಿತ ಎಂಬುದನ್ನು ಗಂಗೊಳ್ಳಿಯ ಮಕ್ಕಳಿಗೆ ಕಲಿಸಬೇಕಾಗಿಲ್ಲ. ಗುಣಿಸಿ ನೋಡಿ: ಹಿಮದ ಅಂಚು ದಿನಕ್ಕೆ 50ರಿಂದ 600 ಮೀಟರ್ ಹಿಂದೆ ಸರಿದಿತ್ತು!

ಹೀಗೆ ಕರಗಿದ ನೀರು ನಮ್ಮ ಬಾಗಿಲಿಗೂ ಬಂತು. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು 1995ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 10,000ದಿಂದ 7,000 ವರ್ಷಗಳ ಹಿಂದಿನ ಅವಧಿಯಲ್ಲಿ ಪಶ್ಚಿಮ ಕರಾವಳಿಯ ಸಮುದ್ರ ಸಾವಿರ ವರ್ಷಕ್ಕೆ 20 ಮೀಟರಿನಂತೆ ಏರಿತು. ಅಂದರೆ ಅಜ್ಜ ಹುಡುಗನಾಗಿದ್ದಾಗ ಕಂಡ ಕಡಲಿಗಿಂತ ಮೊಮ್ಮಗ ಕಂಡ ಕಡಲು ಒಂದು ಮೀಟರ್ ಮೇಲೆ. ಹೊಳೆಗಳ ಕಣಿವೆಗಳು ಮುಳುಗಿ ಅಗಲವಾದ ಅಳಿವೆಗಳಾದವು. ಆಮೇಲೆ ಏರಿಕೆ ಬಹುಮಟ್ಟಿಗೆ ನಿಂತಿತು. ಅಲೆಗಳು ಒಂದೇ ಮಟ್ಟದಲ್ಲಿ ಮರಳು ಪೇರಿಸಲು ಪುರುಸೊತ್ತು ಸಿಕ್ಕಿತು. ಮರವಂತೆಯ ಪಟ್ಟಿ ಆ ಬಿಡುವಿನ ಕೂಸು.

ಬಿಡುವು ಈಗ ಮುಗಿಯುತ್ತಿದೆ. 1993ರಿಂದ ಉಪಗ್ರಹಗಳು ಅಳೆದಂತೆ ಜಗತ್ತಿನ ಸಮುದ್ರಮಟ್ಟ ವರ್ಷಕ್ಕೆ ಸರಾಸರಿ 3 ಮಿ.ಮೀ.ಗೂ ಹೆಚ್ಚು ಏರುತ್ತಿದೆ. ಕಡಲ್ಕೊರೆತಕ್ಕೆಲ್ಲ ಅದೊಂದೇ ಕಾರಣವೆನ್ನುವುದು ಅವಸರದ ಮಾತು. ಮಳೆಗಾಲದ ಅಲೆ, ಹೊಳೆಯ ಮರಳು ತೆಗೆಯುವುದು, ಅಲ್ಲಲ್ಲಿ ಸುರಿದ ಬಂಡೆಗಲ್ಲು ಎಲ್ಲಕ್ಕೂ ಪಾಲಿದೆ. ಆದರೆ ಎರಡೂ ಕಡೆ ನೀರಿರುವವರಿಗೆ ಮಿಲಿಮೀಟರ್ ಸಣ್ಣ ಅಳತೆಯಲ್ಲ.

ಬ್ರಹ್ಮಾವರದ ಪಡುವಣದಲ್ಲಿ, ಸೀತಾ–ಸ್ವರ್ಣಾ ನದಿಗಳು ಕಡಲು ಸೇರುವಲ್ಲಿ, ಕೋಡಿ ಬೆಂಗ್ರೆಯೂ ಇಂಥದೇ ಮರಳಿನ ನಾಲಗೆ; ಅದರ ಮೇಲೆ ಮನೆ, ತೆಂಗು, ರಸ್ತೆ ಎಲ್ಲ ಇವೆ. ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಯರು ಒಂದು ಕೆಲಸ ಮಾಡಿಸಬಹುದು. ಉಬ್ಬರದ ನೀರು ತಲುಪಿದ ಗೆರೆಯಿಂದ ಯಾವುದಾದರೂ ತೆಂಗಿನ ಮರಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಿ, ತಾರೀಕಿನೊಡನೆ ಬರೆದಿಡಲಿ. ಮಳೆಗಾಲದಲ್ಲಿ ಹೋದ ಮರಳು ಚಳಿಗಾಲಕ್ಕೆ ಮರಳಿ ಬರುವುದುಂಟು. ಆದ್ದರಿಂದ ಪ್ರತಿ ವರ್ಷ ಒಂದೇ ತಿಂಗಳ ಹುಣ್ಣಿಮೆಯಂದೇ ಎಣಿಸಬೇಕು.